ಅಪ್‌ಡೇಟ್: ಹಳೇ ಬೈಕಿನ ಡ್ರಮ್ ಬ್ರೇಕ್ ಸರಿಹೋಯ್ತು

ಹೋದ ವಾರ ಕೇಳಿದ್ದೆನಲ್ಲ, ಅಪ್ಪನ ಹಳೇ ಬೈಕಿನ ಹಿಂದಿನ ಬ್ರೇಕ್ ಒತ್ತಿದರೆ ಪೆಡಲ್ ವಾಪಸ್ ಬರಲ್ಲ ಅಂತ. ಈಗ ಸರಿಯಾಗಿದೆ.

ಅಡ್ಜಸ್ಟರ್ ನಟ್ (ಬ್ರೇಕ್ ಬಿಗಿ-ಸಡಿಲ ಮಾಡುವ ನಟ್) ಸಡಿಲಿಸಿದ್ದು ಎರಡೇ ದಿನ ನಡೀತು. ಹೊಸ ಬ್ರೇಕ್ ಶೂ (ಚಕ್ರದ ಡ್ರಮ್ಮಿಗೆ ಒಳಗಿಂದ ಒತ್ತಿ ನಿಲ್ಲಿಸುವ ಭಾಗ) ಹಾಕಿದರೂ ಅದೇ ಕಥೆ. ಕ್ಯಾಮ್ (ಪೆಡಲ್ ಒತ್ತಿದಾಗ ತಿರುಗಿ ಶೂಗಳನ್ನು ಅಗಲಿಸುವ ಭಾಗ) ನೋಡಿ ಅಂದವರ ಮಾತೇ ನಿಜವಾಯ್ತು. ಚಕ್ರ ಬಿಚ್ಚಿ ನೋಡಿದರೆ ಕ್ಯಾಮ್ ಶಾಫ್ಟ್ ಕೈಯಲ್ಲಿ ತಿರುಗಲೇ ಇಲ್ಲ! ಕಲಬುರಗಿಯಿಂದ ಶಹಾಬಾದ್‌ಗೆ ದಿನಾ ಓಡಾಟ ಅಲ್ವಾ, ಕಲ್ಲಿನ ಧೂಳು ಹಳೇ ಗ್ರೀಸ್ ಜೊತೆ ಸೇರಿ ಮೇಣದ ಹಾಗೆ ಗಟ್ಟಿಯಾಗಿತ್ತು. ಸೀಮೆಎಣ್ಣೆಯಲ್ಲಿ ತೊಳೆದು, ಶಾಖ ತಡೆಯುವ ಗ್ರೀಸ್ ತೆಳ್ಳಗೆ ಹಚ್ಚಿದೆ. ಜಾಸ್ತಿ ಹಚ್ಚಿದರೆ ಶೂ ಮೇಲೆ ಇಳಿಯುತ್ತೆ, ಹುಷಾರು.

ಇನ್ನೊಂದು ವಿಷಯ ನನಗೆ ಗೊತ್ತೇ ಇರಲಿಲ್ಲ. ಹಳೇ ಶೂಗಳಲ್ಲಿ ಆಸ್ಬೆಸ್ಟಾಸ್ (ಉಸಿರಲ್ಲಿ ಹೋದರೆ ಶ್ವಾಸಕೋಶಕ್ಕೆ ಅಪಾಯ ತರುವ ಖನಿಜದ ನಾರು) ಇರಬಹುದಂತೆ. ಡ್ರಮ್ಮಿನ ಧೂಳು ಬಾಯಿಂದ ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ.