ಅಪ್ಪನ ನೋವಿಗೆ ಗಾಂಜಾ ಎಣ್ಣೆ ಅಂತಿದ್ದಾರೆ. ಬೇಡ ಅನ್ನುವವರು ಯಾಕೆ ಬೇಡ ಅಂತ ಸರಿಯಾಗಿ ಹೇಳಿ

ಡೊಂಬಿವಲಿ_ಲೋಕಲ್:

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 71. ಕಾರ್ಕಳದ ಕಡೆಯವರು, ಮುಂಬೈನ ಘಾಟ್‌ಕೋಪರ್‌ನಲ್ಲಿ ಮೂವತ್ತು ವರ್ಷಕ್ಕೂ ಜಾಸ್ತಿ ಹೋಟೆಲ್ ಗಲ್ಲಾದಲ್ಲಿ ಕೂತವರು. ಹೋದ ವರ್ಷ ಪ್ರಾಸ್ಟೇಟ್ ಕ್ಯಾನ್ಸರ್ ಅಂತ ಗೊತ್ತಾಯಿತು, ಈಗ ಬೆನ್ನುಮೂಳೆಗೂ ಹಬ್ಬಿದೆ. ಪರೇಲ್‌ನಲ್ಲಿ ಆಸ್ಪತ್ರೆಗೆ ತೋರಿಸುತ್ತಿದ್ದೇವೆ. ಚಿಕಿತ್ಸೆ ಬಗ್ಗೆ ದೂರಿಲ್ಲ. ಕಷ್ಟ ಇರುವುದು ರಾತ್ರಿ. ಹನ್ನೊಂದಕ್ಕೆ ಮಲಗಿದರೆ ಎರಡಕ್ಕೆ ಎದ್ದು, ಬೆನ್ನಿಗೆ ದಿಂಬು ಕೊಟ್ಟು ಗೋಡೆಗೆ ಒರಗಿ ಕೂರುತ್ತಾರೆ. ಮೊದಲ ಲೋಕಲ್ ರೈಲಿನ ಸದ್ದು ಕೇಳುವವರೆಗೂ ಹಾಗೇ. ಡಾಕ್ಟರ ಹತ್ತಿರ ಹೋದಾಗ ಮಾತ್ರ "ಪರವಾಗಿಲ್ಲ, ತಡೆದುಕೊಳ್ಳಬಹುದು" ಅಂತಾರೆ.

ಬೆಂಗಳೂರಿನ ಭಾವ ಆನ್‌ಲೈನ್‌ನಲ್ಲಿ ಒಂದು ಬಾಟಲಿ ತರಿಸಿ ಕಳಿಸಿದ್ದಾರೆ. 30 ಎಂಎಲ್, ಮುಚ್ಚಳಕ್ಕೇ ಡ್ರಾಪರ್. ಲೇಬಲ್ ಮೇಲೆ ವಿಜಯಾ (ಆಯುರ್ವೇದದಲ್ಲಿ ಗಾಂಜಾ ಗಿಡದ ಹೆಸರು) ಅಂತ ಇದೆ, ಗಾಂಜಾ ಅನ್ನುವ ಶಬ್ದ ಎಲ್ಲೂ ಇಲ್ಲ. ವಿಡಿಯೋದಲ್ಲಿ ಯಾರೋ ಡಾಕ್ಟರು ಎರಡು ನಿಮಿಷ ಮಾತಾಡಿ ಚೀಟಿ ಬರೆದರಂತೆ. ಅಪ್ಪ ಬೇರೆ ಏನೇನು ಮಾತ್ರೆ ತಗೋತಾರೆ ಅಂತಲೂ ಕೇಳಲಿಲ್ಲವಂತೆ. ಅದರ ಜೊತೆಗೆ ಮೆಡಿಕಲ್ ಗಾಂಜಾಗೆ ಕಾನೂನಿನ ಒಪ್ಪಿಗೆ ಕೊಡಿ ಅನ್ನುವ ಮನವಿಯ ಲಿಂಕ್ ಬೇರೆ ಬಂದಿದೆ. ಸಹಿ ಹಾಕಲಿಲ್ಲ ಅಂದರೆ ನಿನಗೆ ಅಪ್ಪನ ನೋವಿನ ಪರಿವೆಯೇ ಇಲ್ಲ ಅನ್ನುವ ಥರ ಮಾತು.

ಪರವಾಗಿ ಹೇಳುವುದೆಲ್ಲ ಓದಿದ್ದೇನೆ, ಫ್ಯಾಮಿಲಿ ಗ್ರೂಪ್ ತುಂಬ ಅದೇ. ವಿರೋಧ ಮಾಡುವವರ ವಾದ ಏನು? "ನಶೆ, ಹುಡುಗರು ಹಾಳಾಗುತ್ತಾರೆ" ಅಷ್ಟೇನಾ, ಅಥವಾ ಅದಕ್ಕಿಂತ ಗಟ್ಟಿಯಾದದ್ದು ಏನಾದರೂ ಇದೆಯಾ? ಸುಮ್ನೆ ಉಪದೇಶ ಬೇಡ ದಯವಿಟ್ಟು.

ಮಾಟುಂಗಾ_ಮಾತ್ರೆ:

ತಂಗಿ, ನಾನು ಮೆಡಿಕಲ್ ಅಂಗಡಿ ನಡೆಸಿ ಈಗ ಮಗನಿಗೆ ಬಿಟ್ಟುಕೊಟ್ಟವನು. ನನ್ನ ವಿರೋಧ ನಶೆಯ ಬಗ್ಗೆ ಅಲ್ಲ. ಕೌಂಟರ್ ಹಿಂದೆ ನಿಂತವನಿಗೆ ಒಂದೇ ಪ್ರಶ್ನೆ: ಎಷ್ಟು ಕೊಡಬೇಕು?

ಅಫೀಮನ್ನೇ ನೋಡಿ. ನಮ್ಮ ದೇಶದಲ್ಲೇ ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶದಲ್ಲಿ ಸರ್ಕಾರದ ಲೈಸೆನ್ಸ್ ಇಟ್ಟುಕೊಂಡು ಬೆಳೆಯುತ್ತಾರೆ. ಅದರಿಂದ ನೋವು ತಗ್ಗಿಸುವ ಮಾರ್ಫಿನ್ ತೆಗೆದು, ಒಂದು ಮಾತ್ರೆಗೆ 10 ಮಿಲಿಗ್ರಾಂ ಅಂತ ಅಳೆದು, ಮೇಲೆ ಬರೆದು ಕೊಡುತ್ತಾರೆ. ಆಸ್ಪತ್ರೆಯಲ್ಲಿ ಯಾರೂ ಅಫೀಮಿನ ಉಂಡೆ ಕೈಗಿಟ್ಟು ನೋವು ಹೋಗುವಷ್ಟು ನೆಕ್ಕಿ ಅನ್ನುವುದಿಲ್ಲ. ಗಾಂಜಾ ವಿಷಯದಲ್ಲಿ ಮಾತ್ರ ಇಡೀ ಗಿಡವನ್ನೇ ಔಷಧಿ ಅಂತ ಕರೆಯಿರಿ ಅಂತ ಕೇಳುತ್ತಿದ್ದಾರೆ. ಗಿಡದಿಂದ ಗಿಡಕ್ಕೆ, ತಳಿಯಿಂದ ತಳಿಗೆ ಅದರೊಳಗಿನ ರಾಸಾಯನಿಕಗಳ, ಅಂದರೆ ನಶೆ ಏರಿಸುವ ಟಿಎಚ್‌ಸಿ, ನಶೆ ಏರಿಸದ ಸಿಬಿಡಿ, ಇವುಗಳ ಪ್ರಮಾಣ ಬದಲಾಗುತ್ತದೆ. ಇವತ್ತಿನ ಐದು ಹನಿ ಮುಂದಿನ ಬಾಟಲಿಯ ಐದು ಹನಿ ಆಗಿರಲಿಕ್ಕಿಲ್ಲ.

ಸರಿಯಾದ ದಾರಿಯಲ್ಲಿ ಬಂದ ಔಷಧಿಯೂ ಇದೆ, ಇಲ್ಲ ಅನ್ನುವುದಿಲ್ಲ. ಎಪಿಡಿಯೋಲೆಕ್ಸ್ ಅಂತ. ಮಕ್ಕಳಿಗೆ ಬರುವ ಎರಡು ಬಗೆಯ ಕೆಟ್ಟ ಫಿಟ್ಸ್‌ಗೆ ಅಮೆರಿಕದಲ್ಲಿ 2018ರಲ್ಲಿ ಒಪ್ಪಿಗೆ ಸಿಕ್ಕಿತು. ಅದು ಶುದ್ಧ ಮಾಡಿದ ಸಿಬಿಡಿ. ಒಂದು ಎಂಎಲ್‌ಗೆ 100 ಮಿಲಿಗ್ರಾಂ, ಮಗುವಿನ ತೂಕ ನೋಡಿ ಲೆಕ್ಕ, ಶುರು ಮಾಡುವ ಮೊದಲೇ ಲಿವರ್ ಟೆಸ್ಟ್ ಮಾಡಬೇಕು. ಕೀಮೋ ವಾಂತಿಗೆ ಡ್ರೊನಾಬಿನಾಲ್, ನಾಬಿಲೋನ್ 1985ರಲ್ಲೇ ಅಲ್ಲಿ ಒಪ್ಪಿಗೆ ಪಡೆದವು. ಇವ್ಯಾವಕ್ಕೂ "ಮೆಡಿಕಲ್ ಗಾಂಜಾ ಕಾನೂನು" ಬೇಕಾಗಲಿಲ್ಲ. ಎಲ್ಲ ಔಷಧಿಗಳ ಹಾಗೆ ಪರೀಕ್ಷೆಗೆ ಕೂತು ಪಾಸಾದವು.

ನಮ್ಮ 1985ರ ಎನ್‌ಡಿಪಿಎಸ್ ಮಾದಕ ವಸ್ತು ಕಾಯ್ದೆಯಲ್ಲೂ ಔಷಧಿ, ಸಂಶೋಧನೆಗೆ ಅಂತ ಬಾಗಿಲು ತೆರೆದೇ ಇದೆ. ಮುಚ್ಚಿದೆ ಅಂತ ಮನವಿಯಲ್ಲಿ ಬರೆದಿದ್ದರೆ ಅದು ತಪ್ಪು. ನಿಮ್ಮ ಭಾವನ ಬಾಟಲಿ ಬಂದದ್ದು ಇನ್ನೊಂದು ಸಂದಿಯಿಂದ. ಆ ಕಾಯ್ದೆಯಲ್ಲಿ ಗಾಂಜಾ ಅಂದರೆ ಹೂ ಬಿಟ್ಟ ತುದಿ. ಬರೀ ಎಲೆ ಗಾಂಜಾ ಲೆಕ್ಕಕ್ಕೆ ಬರುವುದಿಲ್ಲ. ಎಲೆಯ ಸಾರ ಅಂತ ಆಯುರ್ವೇದದ ಲೈಸೆನ್ಸ್‌ನಲ್ಲಿ ಮಾರಬಹುದು. ಈಗಲೇ ಎರಡು ನಿಮಿಷದ ವಿಡಿಯೋಗೆ ಚೀಟಿ ಸಿಗುತ್ತಿದೆ. ಇನ್ನೂ ಸಡಿಲ ಮಾಡಿದರೆ ಹೇಗಿರುತ್ತದೆ, ನೀವೇ ನೋಡಿ.

ಕೋಥ್ರೂಡ್_ಕಟ್ಟೆ:

ಅಂಕಲ್, ಇದೆಲ್ಲ ಫಾರ್ಮಾ ಕಂಪನಿ ಮಾತು. ಹೋಳಿ ಹಬ್ಬಕ್ಕೆ ಭಂಗಿ ಕುಡಿಯುವ ದೇಶ ಇದು. ನಮ್ಮ ಯಾದಗಿರಿ ಕಡೆ ತಿಂಥಣಿ ಮೌನೇಶ್ವರನ ಜಾತ್ರೆಯಲ್ಲಿ ಗಾಂಜಾನೇ ಪ್ರಸಾದ. 2020ರಲ್ಲಿ ವಿಶ್ವಸಂಸ್ಥೆಯೇ ಅದನ್ನು ಅಪಾಯಕಾರಿ ಪಟ್ಟಿಯಿಂದ ತೆಗೆದಿದೆ, ಭಾರತವೂ ಪರವಾಗಿ ವೋಟ್ ಹಾಕಿದೆ. ಸಾರಾಯಿ ಅಂಗಡಿ ಬೀದಿಗೆರಡು ಇರುವಾಗ ನೋವಿರುವವನಿಗೆ ಎರಡು ಹನಿ ಕೊಟ್ಟರೆ ಆಕಾಶ ಬೀಳುತ್ತಾ?

ಮಾಟುಂಗಾ_ಮಾತ್ರೆ:

ವೋಟ್ ಹಾಕಿದ್ದು ನಿಜ, 27ಕ್ಕೆ 25. ಆದರೆ ತೆಗೆದದ್ದು ಅತಿ ಅಪಾಯಕಾರಿ ವಸ್ತುಗಳ ನಾಲ್ಕನೇ ಪಟ್ಟಿಯಿಂದ ಮಾತ್ರ. ಬಿಗಿ ನಿಯಂತ್ರಣದ ಒಂದನೇ ಪಟ್ಟಿಯಲ್ಲಿ ಇನ್ನೂ ಇದೆ, ಮಾರ್ಫಿನ್ ಜೊತೆಗೇ. ಫಾರ್ವರ್ಡ್ ಮಾಡುವವರು ಎರಡನೇ ಸಾಲು ಬಿಟ್ಟುಬಿಡುತ್ತಾರೆ. ಪ್ರಸಾದಕ್ಕೆ ನಾನು ಅಡ್ಡ ಬರುವವನಲ್ಲ ಮಾರಾಯ್ರೆ. ಪ್ರಸಾದವನ್ನು ಡಾಕ್ಟರ ಚೀಟಿಯಲ್ಲಿ ಬರೆಯುವುದು ಬೇಡ ಅಂದೆ, ಅಷ್ಟೇ. ಸಾರಾಯಿಯನ್ನೂ ಯಾರೂ ಔಷಧಿ ಅಂತ ಮಾರುತ್ತಿಲ್ಲವಲ್ಲ.

ರಾತ್ರಿಪಾಳಿ_ಪುಣೆ:

ಅಕ್ಕಾ, ನಾನು ಪುಣೆಯಲ್ಲಿ ಕ್ಯಾನ್ಸರ್ ರೋಗಿಗಳ ವಾರ್ಡಿನಲ್ಲಿ ನರ್ಸ್. ಊರು ಗದಗ. ಅಪ್ಪ ರಾತ್ರಿ ಎರಡಕ್ಕೆ ಎದ್ದು ಕೂರುತ್ತಾರೆ ಅಂತ ಓದಿ ಉಳಿದದ್ದೆಲ್ಲ ಆಮೇಲೆ ಓದಿದೆ. ಮೊದಲು ಇದನ್ನು ಹೇಳಿ: ಅವರಿಗೆ ಮಾರ್ಫಿನ್ ಶುರು ಮಾಡಿದ್ದಾರಾ? ನೋವಿನ ಒಪಿಡಿಗೆ ಯಾವತ್ತಾದರೂ ಹೋಗಿದ್ದೀರಾ?

ನನ್ನ ಸಿಟ್ಟು ಇರುವುದು ಇಲ್ಲೇ. ಗಾಂಜಾ ಬೇಕು ಅಂತ ಇಷ್ಟು ಜನ ಗಲಾಟೆ ಮಾಡುತ್ತಾರೆ. ಕ್ಯಾನ್ಸರ್ ನೋವಿಗೆ ಖಾತ್ರಿಯಾಗಿ ಕೆಲಸ ಮಾಡುವ, ಅಗ್ಗದ, ಎಷ್ಟೋ ವರ್ಷದಿಂದ ಗೊತ್ತಿರುವ ಔಷಧಿ ನಮ್ಮ ಜನರಿಗೆ ಸಿಗುತ್ತಿಲ್ಲ ಅಂತ ಒಬ್ಬರೂ ಮನವಿ ಕಳಿಸುವುದಿಲ್ಲ. ಹೊರದೇಶದ ಔಷಧಿಗೆ ಅಫೀಮು ಬೆಳೆದುಕೊಡುವ ದೇಶ ನಮ್ಮದು, ನಮ್ಮ ಹಳ್ಳಿಯ ರೋಗಿ ಮಾತ್ರ ಪ್ಯಾರಾಸಿಟಮಾಲ್ ನುಂಗಿಕೊಂಡು ಒದ್ದಾಡುತ್ತಾನೆ. 1985ರ ಕಾಯ್ದೆ ಬಂದ ಮೇಲೆ ಲೈಸೆನ್ಸ್ ಮೇಲೆ ಲೈಸೆನ್ಸ್ ಬೇಕಾಗಿ ಎಷ್ಟೋ ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು. ರೋಗಿಗಳ ನೋವು ಕಡಿಮೆ ಮಾಡಲು ದುಡಿಯುವ ಸಂಸ್ಥೆ ಪಾಲಿಯಮ್ ಇಂಡಿಯಾದ ಡಾ. ಎಂ. ಆರ್. ರಾಜಗೋಪಾಲ್ ಅವರಂಥವರು ವರ್ಷಗಟ್ಟಲೆ ಓಡಾಡಿದ ಮೇಲೆ 2014ರಲ್ಲಿ ತಿದ್ದುಪಡಿ ಆಗಿ ನಿಯಮ ಸುಲಭವಾಯಿತು. ಆದರೂ ಮಾರ್ಫಿನ್ ಅಂದರೆ ಸಾಯುವವರಿಗೆ ಕೊಡುವುದು, ಚಟ ಹತ್ತುತ್ತದೆ ಅನ್ನುವ ಹೆದರಿಕೆ ಹೋಗಿಲ್ಲ. ತಮಾಷೆ ನೋಡಿ, ಮಾರ್ಫಿನ್‌ಗೆ ಹೆದರುವ ಮನೆಯವರೇ ಈ ಎಣ್ಣೆಯನ್ನು "ಗಿಡಮೂಲಿಕೆ, ಏನೂ ಆಗಲ್ಲ" ಅಂತ ಕೊಡುತ್ತಾರೆ.

ಈಗ ನಿಮ್ಮ ಪ್ರಶ್ನೆ. ಕ್ಯಾನ್ಸರ್ ನೋವಿನ ಮೇಲೆ ಗಾಂಜಾ ಔಷಧಿಯ ದೊಡ್ಡ ಪರೀಕ್ಷೆಗಳೇ ನಡೆದಿವೆ. ಬಾಯಿಗೆ ಹೊಡೆಯುವ ಸ್ಪ್ರೇ, ಟಿಎಚ್‌ಸಿ ಮತ್ತು ಸಿಬಿಡಿ ಎರಡೂ ಅಳೆದು ಹಾಕಿದ್ದು. ಬ್ರಿಟನ್‌ನಲ್ಲಿ 2010ರಿಂದ ಎಂಎಸ್ (ಮಲ್ಟಿಪಲ್ ಸ್ಕ್ಲೆರೋಸಿಸ್ ಅನ್ನುವ ನರಗಳ ಕಾಯಿಲೆ) ರೋಗಿಗಳ ಸ್ನಾಯು ಸೆಳೆತಕ್ಕೆ ಬಳಸುತ್ತಾರೆ. ಅದನ್ನೇ ಮಾರ್ಫಿನ್‌ಗೂ ಬಗ್ಗದ ಕ್ಯಾನ್ಸರ್ ನೋವಿಗೆ ಕೊಟ್ಟು ನೋಡಿದಾಗ, ಔಷಧಿಯೇ ಇಲ್ಲದ ಸ್ಪ್ರೇ ಹೊಡೆದುಕೊಂಡವರಿಗಿಂತ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ನೋವಿನ ಸಂಶೋಧಕರ ಅಂತರರಾಷ್ಟ್ರೀಯ ಸಂಘ, ಐಎಎಸ್‌ಪಿ, 2021ರಲ್ಲಿ ಸ್ಪಷ್ಟವಾಗಿ ಹೇಳಿತು: ನೋವಿಗೆ ಇದನ್ನು ಬಳಸಿ ಅನ್ನುವಷ್ಟು ಸಾಕ್ಷ್ಯ ನಮ್ಮ ಹತ್ತಿರ ಇಲ್ಲ. ಇದನ್ನು ಹೇಳಿದವರು ಪೊಲೀಸರಲ್ಲ, ನೋವನ್ನೇ ಓದಿದವರು.

ಇನ್ನೊಂದು ಫಾರ್ವರ್ಡ್ ನಿಮಗೂ ಬಂದಿರಬಹುದು, ಗಾಂಜಾ ಬಂದರೆ ಮಾರ್ಫಿನ್ ಜಾತಿಯ ಔಷಧಿಯಿಂದ ಆಗುವ ಸಾವು ಕಡಿಮೆ ಆಗುತ್ತದೆ ಅಂತ. 2014ರಲ್ಲಿ ಅಮೆರಿಕದ ಒಂದು ಅಧ್ಯಯನ ಹಾಗೆ ಹೇಳಿತ್ತು, ಮೆಡಿಕಲ್ ಗಾಂಜಾ ಇರುವ ರಾಜ್ಯಗಳಲ್ಲಿ ಸಾವು ಸುಮಾರು 25 ಶೇಕಡಾ ಕಡಿಮೆ ಅಂತ. ಅದೇ ಲೆಕ್ಕವನ್ನು 2017ರವರೆಗೆ ಎಳೆದು 2019ರಲ್ಲಿ ಮತ್ತೆ ನೋಡಿದಾಗ ಸುಮಾರು 23 ಶೇಕಡಾ ಜಾಸ್ತಿ ಅಂತ ಬಂತು! ಗಾಂಜಾದಿಂದಲೇ ಜಾಸ್ತಿ ಆಯಿತು ಅಂತ ಅವರೂ ಹೇಳಲಿಲ್ಲ, ನಾನೂ ಹೇಳುವುದಿಲ್ಲ. ಮೊದಲನೆಯದನ್ನು ನಂಬಿ ಕಾನೂನು ಮಾಡಬಾರದು ಅನ್ನುವುದಕ್ಕೆ ಇಷ್ಟು ಸಾಕು.

ಮುಲುಂಡ್_ಮಯ್ಯ:

ನನ್ನದು ವಾದ ಅಲ್ಲ, ಮನೆಯಲ್ಲಿ ಆದದ್ದು. ಅಮ್ಮನಿಗೆ ಹಾರ್ಟ್ ವಾಲ್ವ್ ಬದಲಾಯಿಸಿದ್ದಾರೆ, ರಕ್ತ ತೆಳು ಮಾಡುವ ವಾರ್ಫರಿನ್ ದಿನಾ ತಗೋಬೇಕು. ಮಂಡಿನೋವಿಗೆ ಅಂತ ಇಂಥದೇ ಒಂದು ಎಣ್ಣೆ ಶುರು ಮಾಡಿದೆವು. ಹದಿನೈದು ದಿನದಲ್ಲಿ ಒಂದು ಬೆಳಿಗ್ಗೆ ಹಲ್ಲುಜ್ಜುವಾಗ ವಾಶ್‌ಬೇಸಿನ್ ಕೆಂಪಾಯಿತು. ಅಮ್ಮ ಬ್ರಶ್ ಗಟ್ಟಿ ಇದೆ ಅಂತ ಹೊಸದು ತರಿಸಿದರು. ಎರಡು ದಿನ ಬಿಟ್ಟು ಮೊಣಕೈ ಹತ್ತಿರ ನೇರಳೆ ಹಣ್ಣಿನ ಬಣ್ಣದ ಕಲೆ. ಆಸ್ಪತ್ರೆಗೆ ಓಡಿದರೆ ಐಎನ್ಆರ್ (ರಕ್ತ ಎಷ್ಟು ತೆಳುವಾಗಿದೆ ಅನ್ನುವ ಅಳತೆ) ಐದು ದಾಟಿತ್ತು, ಮಾಮೂಲಿ ಎರಡೂವರೆ ಆಸುಪಾಸು ಇರುತ್ತಿತ್ತು. ಹೊಸದೇನಾದರೂ ತಗೊಂಡಿರಾ ಅಂದರು. ಅಮ್ಮ ಇಲ್ಲ ಅಂದರು, ಎಣ್ಣೆ ಔಷಧಿ ಅಂತ ಅವರಿಗೆ ಅನ್ನಿಸಿರಲೇ ಇಲ್ಲ. ನಾನು ಫೋಟೋ ತೋರಿಸಿದ ಮೇಲೆ ಡಾಕ್ಟರು ತಲೆ ಚಚ್ಚಿಕೊಂಡರು. ವಾರ್ಫರಿನ್ ಒಡೆಯುವ ಲಿವರ್ ಕೆಲಸವನ್ನೇ ಇದು ನಿಧಾನ ಮಾಡುತ್ತದಂತೆ.

ಬಾಟಲಿ ಜೊತೆ ಬಂದ ಚೀಟಿಯಲ್ಲಿ ಇದರ ಬಗ್ಗೆ ಒಂದು ಅಕ್ಷರ ಇರಲಿಲ್ಲ. ನಿಮ್ಮ ಅಪ್ಪನ ಮಾತ್ರೆ ಪಟ್ಟಿ ಒಮ್ಮೆ ನೋಡಿಸಿ.

ವಾಸ್ಕೋ_ಹುಬ್ಬಳ್ಳಿ:

ಡಾಕ್ಟರ್ ಮಾತು ದೊಡ್ಡವರು ಹೇಳಿದರು, ನಾನು ಬೀದಿ ಮಾತು ಹೇಳುತ್ತೇನೆ. ಗೋವಾಕ್ಕೆ ಬಂದು ಹನ್ನೆರಡು ವರ್ಷ, ಟೂರಿಸ್ಟ್ ಟ್ಯಾಕ್ಸಿ ಓಡಿಸುತ್ತೇನೆ. ದಾಬೋಲಿ ಏರ್‌ಪೋರ್ಟಿನಿಂದ ಗಾಡಿ ಹೊರಗೆ ಬಂದು ಐದು ನಿಮಿಷ ಆಗಿರುವುದಿಲ್ಲ, ಹಿಂದಿನ ಸೀಟಿನಿಂದ "ಭಾಯ್, ಮಾಲ್ ಮಿಲೇಗಾ ಕ್ಯಾ" ಅಂತ ಶುರು. ಇಲ್ಲಿ 2020ರ ಕೊನೆಯಲ್ಲಿ ಔಷಧಿಗೋಸ್ಕರ ಗಾಂಜಾ ಬೆಳೆಯುವ ಪ್ರಸ್ತಾಪ ಬಂದಿತ್ತು. ಊರೆಲ್ಲ ಗಲಾಟೆ, ವಿರೋಧ ಪಕ್ಷದವರೂ ಎದ್ದು ನಿಂತರು. ಆಗ ನನ್ನ ಗಾಡಿ ಹತ್ತಿದ ಹುಡುಗರು ಕೇಳಿದ್ದು ಒಂದೇ: "ಗೋವಾದಲ್ಲಿ ಲೀಗಲ್ ಆಯ್ತಂತೆ, ಹೌದಾ?" ಔಷಧಿ ಅನ್ನುವ ಶಬ್ದ ಒಬ್ಬನ ಬಾಯಲ್ಲೂ ಬರಲಿಲ್ಲ.

ಥಾಯ್ಲೆಂಡಿನವರು 2018ರಲ್ಲಿ ಔಷಧಿಗೆ ಅಂತ ಬಿಟ್ಟರು. 2022ರ ಜೂನ್‌ನಲ್ಲಿ ಡ್ರಗ್ಸ್ ಪಟ್ಟಿಯಿಂದಲೇ ತೆಗೆದರು. ಆಗಲೂ ಬಾಯಲ್ಲಿ ಔಷಧಿ, ಆರೋಗ್ಯ ಅಂತಲೇ ಇತ್ತು, ಆದರೆ ಟೂರಿಸ್ಟ್ ಬೀದಿ ತುಂಬ ಅಂಗಡಿ ಎದ್ದವು. ಕೊನೆಗೆ ಅವರಿಗೇ ಸಾಕಾಗಿ 2025ರಲ್ಲಿ ಡಾಕ್ಟರ ಚೀಟಿ ಬೇಕೇ ಬೇಕು ಅಂತ ವಾಪಸ್ ಬಿಗಿ ಮಾಡಿದರು. ಕ್ಯಾಲಿಫೋರ್ನಿಯಾದಲ್ಲಿ 1996ರಲ್ಲಿ ಕ್ಯಾನ್ಸರ್, ಏಡ್ಸ್ ರೋಗಿಗಳ ಹೆಸರು ಹೇಳಿ ಕಾನೂನು ತಂದರು. ಪಟ್ಟಿಯ ಕೊನೆಗೆ ಗಾಂಜಾದಿಂದ ಆರಾಮ ಸಿಗುವ ಬೇರೆ ಯಾವ ಕಾಯಿಲೆಗೂ ಆಗಬಹುದು ಅನ್ನುವ ಅರ್ಥದ ಮಾತು ಸೇರಿಸಿದ್ದರು. ಇನ್ನೇನು ಬೇಕು? ಇಪ್ಪತ್ತು ವರ್ಷಕ್ಕೆ, 2016ರಲ್ಲಿ, ಮೋಜಿಗೂ ಲೀಗಲ್. ಅಲ್ಲಿನವರಿಗೆ ಅದೇ ಬೇಕಿದ್ದರೆ ಅವರಿಷ್ಟ. ನೇರವಾಗಿ ಮೋಜಿಗೆ ಬೇಕು ಅಂತ ಕೇಳಲಿ, ಚರ್ಚೆ ಮಾಡೋಣ. ಕ್ಯಾನ್ಸರ್ ರೋಗಿಯನ್ನು ಮುಂದೆ ನಿಲ್ಲಿಸಿ ಹಿಂದಿನಿಂದ ಅಂಗಡಿ ತೆರೆಯುವುದು ನನಗೆ ಸೇರುವುದಿಲ್ಲ.

ಔಷಧಿ ಅಂದ ಕೂಡಲೇ ಹುಡುಗರಿಗೆ ಹೆದರಿಕೆ ಹೋಗುತ್ತದೆ, ಅದು ಇನ್ನೊಂದು. ಯುರೋಪ್ ಮತ್ತು ಬ್ರೆಜಿಲ್ ಊರುಗಳಲ್ಲಿ ನಡೆಸಿ 2019ರಲ್ಲಿ ಲ್ಯಾನ್ಸೆಟ್ ಸೈಕಿಯಾಟ್ರಿಯಲ್ಲಿ ಬಂದ ಅಧ್ಯಯನ ಇದೆ. ಟಿಎಚ್‌ಸಿ 10 ಶೇಕಡಾ ಅಥವಾ ಅದಕ್ಕೂ ಜಾಸ್ತಿ ಇರುವ ಗಾಂಜಾ ದಿನಾ ಸೇದುವವರಲ್ಲಿ ತಲೆ ಕೆಡುವ ಕಾಯಿಲೆಯ ಸಾಧ್ಯತೆ, ಸೇದದವರಿಗಿಂತ ಐದು ಪಟ್ಟಿನ ಹತ್ತಿರ. ನಮ್ಮ ಓಣಿಯಲ್ಲೇ ಒಬ್ಬ ಹುಡುಗ ಇದ್ದಾನೆ, ಟೀವಿ ತನ್ನ ಬಗ್ಗೆ ಮಾತಾಡುತ್ತದೆ ಅಂತ ಅದಕ್ಕೆ ಬಟ್ಟೆ ಹೊದಿಸಿ ಕೂರುತ್ತಾನೆ. ಸೇದಿದ್ದರಿಂದಲೇ ಆಯಿತಾ ಅಂತ ನಾನು ಹೇಳಲಾರೆ. ಅವನಮ್ಮ ಹಾಗೇ ಅನ್ನುತ್ತಾಳೆ.

ಕೋಥ್ರೂಡ್_ಕಟ್ಟೆ:

ಪಟ್ಟಿ ವಿಷಯ ನಾನು ಪೂರ್ತಿ ನೋಡಿರಲಿಲ್ಲ, ಒಪ್ಪಿದೆ. ಆದರೂ ಸೇದುವವನನ್ನು ಜೈಲಿಗೆ ಹಾಕುವುದು ತಪ್ಪು ಅಂತಲೇ ಹೇಳುತ್ತೇನೆ.

ಮಾಟುಂಗಾ_ಮಾತ್ರೆ:

ಅದು ಬೇರೆ ಪ್ರಶ್ನೆ, ಅಲ್ಲಿ ನಾನೂ ಅರ್ಧ ನಿಮ್ಮ ಕಡೆಯೇ. ಬೇರೆ ಥ್ರೆಡ್ ಶುರು ಮಾಡಿ, ಬರುತ್ತೇನೆ.

ಡೊಂಬಿವಲಿ_ಲೋಕಲ್:

ಹತ್ತು ದಿನ ಆಯಿತು, ಎಲ್ಲರಿಗೂ ಉತ್ತರ ಕೊಡಲಾಗಲಿಲ್ಲ, ಕ್ಷಮಿಸಿ. ಸಿಸ್ಟರ್, ನೀವು ಕೇಳಿದ ಪ್ರಶ್ನೆಗೆ ಉತ್ತರ "ಇಲ್ಲ" ಅಂತ. ನೋವಿನ ಒಪಿಡಿ ಅಂತ ಬೇರೆ ಇರುತ್ತದೆ ಅಂತಲೇ ನಮಗೆ ಗೊತ್ತಿರಲಿಲ್ಲ. ಈ ಸಲ ಅಪ್ಪ "ಪರವಾಗಿಲ್ಲ" ಅನ್ನುವ ಮೊದಲೇ ನಾನು ರಾತ್ರಿ ಎರಡು ಗಂಟೆಯ ಕಥೆ ಹೇಳಿಬಿಟ್ಟೆ. ಡಾಕ್ಟರು ಸೊನ್ನೆಯಿಂದ ಹತ್ತರವರೆಗೆ ನೋವು ಎಷ್ಟು ಅಂತ ಅಪ್ಪನನ್ನು ಕೇಳಿದರು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ಎಂಟು ಅಂದರು. ನನ್ನ ಮುಖ ನೋಡಲಿಲ್ಲ.

ಮಾರ್ಫಿನ್ ಮಾತ್ರೆ ಶುರುವಾಗಿದೆ, ನಾಲ್ಕು ಗಂಟೆಗೊಂದು. ಬೆನ್ನಿಗೆ ಒಂದು ಸಲ ರೇಡಿಯೇಶನ್ ಕೂಡ ಕೊಡುತ್ತಾರಂತೆ, ಮೂಳೆ ನೋವಿಗೆ ಅದು ಒಳ್ಳೆಯದಂತೆ. ಮೊನ್ನೆ ರಾತ್ರಿ ಐದೂವರೆವರೆಗೆ ಮಲಗಿದರು, ನಾನೇ ಎರಡಕ್ಕೆ ಎದ್ದು ಉಸಿರಾಡುತ್ತಿದ್ದಾರಾ ಅಂತ ನೋಡಿದೆ. ಬಾಟಲಿ ತೋರಿಸಿದಾಗ ಡಾಕ್ಟರು ಬೈಯಲಿಲ್ಲ, ಲೇಬಲ್ ಓದಿ, ಇದರಲ್ಲಿ ಟಿಎಚ್‌ಸಿ ಎಷ್ಟಿದೆ ಅಂತ ನನ್ನನ್ನೇ ಕೇಳಿದರು. ಅದು ಬರೆದಿರಲಿಲ್ಲ.

ಭಾವನಿಗೆ ಫೋನ್ ಮಾಡಿ ಹೇಳಿದೆ. "ಮಾರ್ಫಿನ್ ಕೊಡ್ತಿದ್ದೀಯಾ, ಚಟ ಹತ್ತಲ್ವಾ?" ಅಂದರು.

ರಾತ್ರಿಪಾಳಿ_ಪುಣೆ:

ಅಕ್ಕಾ, ಜೊತೆಗೆ ಮಲಬದ್ಧತೆ ಆಗದಿರಲಿ ಅಂತ ಔಷಧಿ ಕೊಟ್ಟಿರುತ್ತಾರೆ, ಅದನ್ನು ಒಂದು ದಿನವೂ ಬಿಡಬೇಡಿ. ಮಾರ್ಫಿನ್‌ನಲ್ಲಿ ಹೊಟ್ಟೆ ಕಟ್ಟುವುದೇ ದೊಡ್ಡ ಕಾಟ, ಅದಕ್ಕೇ ಎಷ್ಟೋ ಜನ ಮಾತ್ರೆ ನಿಲ್ಲಿಸಿಬಿಡುತ್ತಾರೆ. ಭಾವನಿಗೆ ನನ್ನ ಉತ್ತರದ ಸ್ಕ್ರೀನ್‌ಶಾಟ್ ಕಳಿಸಿ.