ಮೈಗೆ ಅಂಟಿಸಿಕೊಳ್ಳುವ ಗರ್ಭನಿರೋಧಕ ಪ್ಯಾಚ್ ಬಳಸಿದವರು ಇದ್ದೀರಾ? ರಾತ್ರಿ ಪಾಳಿ, ಎಣ್ಣೆ ಸ್ನಾನ, ಸೀರೆಯ ನಡುವೆ ನಡೆಯುತ್ತದೆಯೇ?

ಮ್ಯಾಂಚೆಸ್ಟರ್‌ನಿಂದ ಕೇಳುತ್ತಿದ್ದೇನೆ. ನಾನು ನರ್ಸ್. ಮಗುವಿಗೆ ಎದೆಹಾಲು ಬಿಡಿಸಿ ಆಯಿತು. ರಾತ್ರಿ ಪಾಳಿ ಬಂದಾಗಲೆಲ್ಲ ಮಾತ್ರೆಯ ಹೊತ್ತು ತಪ್ಪುತ್ತದೆ. ಕ್ಲಿನಿಕ್‌ನಲ್ಲಿ ಪ್ಯಾಚ್ ಹಾಕಿಕೊಳ್ಳಬಹುದು ಎಂದಿದ್ದಾರೆ. ಬೇಸಿಗೆಗೆ ದಾವಣಗೆರೆಗೆ ಹೋಗುವುದಿದೆ. ಬೆವರು, ಎಣ್ಣೆ ಸ್ನಾನಕ್ಕೆಲ್ಲ ಅದು ಅಂಟಿಕೊಂಡೇ ಇರುತ್ತದೆಯೇ? ಸೀರೆ ಉಟ್ಟರೆ ಕಾಣುತ್ತದೆಯೇ? ಬಳಸಿದ ಅಕ್ಕತಂಗಿಯರು ದಯವಿಟ್ಟು ಹೇಳಿ.

ಲೀಡ್ಸ್‌ನಿಂದ:

ಎರಡನೆಯ ಬಾಣಂತನದ ನಂತರ ಇವ್ರಾ ಪ್ಯಾಚ್ ಶುರುಮಾಡಿದೆ, ಈಗಲೂ ಅದನ್ನೇ ಬಳಸುತ್ತಿದ್ದೇನೆ. ಹೊತ್ತುಗೊತ್ತಿಲ್ಲದ ಪಾಳಿಯವರಿಗೆ ಇದು ಮಾತ್ರೆಗಿಂತ ನಿಜಕ್ಕೂ ಹಿತ. ವಾರಕ್ಕೊಂದರಂತೆ ಮೂರು ವಾರ, ಆಮೇಲೆ ಏಳು ದಿನ ಬಿಡುವು, ಆಗ ಮುಟ್ಟು ಬರುತ್ತದೆ. ಬದಲಿಸುವ ದಿನ ಒಂದೇ ಆಗಿರಬೇಕು, ಆ ದಿನ ಯಾವ ಗಂಟೆಯಾದರೂ ಸರಿ. ನನ್ನದು ಶುಕ್ರವಾರ; ದೇವರ ದೀಪ ಹಚ್ಚಿದ ಮೇಲೆ ಬದಲಿಸುತ್ತೇನೆ, ಹಾಗಾಗಿ ನೆನಪಿನ ತೊಂದರೆಯೇ ಇಲ್ಲ. ಬಿಡುವಿನ ಏಳು ದಿನ ಮಾತ್ರ ಎಂಟಾಗಲು ಬಿಡಬೇಡಿ. ಗರ್ಭ ನಿಲ್ಲುವ ಭಯ ಹೆಚ್ಚಾಗಿರುವುದು ಹೊಸ ಸುತ್ತು ತಡವಾದಾಗಲೇ.

ನೀರಿಗೆ ಹೆದರಬೇಡಿ, ಎಣ್ಣೆಗೆ ಹೆದರಿ. ಸ್ನಾನ, ಈಜು, ಬೆವರು ಎಲ್ಲವನ್ನೂ ಅದು ತಡೆದುಕೊಳ್ಳುತ್ತದೆ. ಆದರೆ ಎಣ್ಣೆ, ಕ್ರೀಮು, ಪೌಡರು ತಾಗಿದ ಚರ್ಮಕ್ಕೆ ಅಂಟು ಕೂರುವುದಿಲ್ಲ. ಅಭ್ಯಂಜನ ಮಾಡುವುದಿದ್ದರೆ ಬಿಡುವಿನ ವಾರದಲ್ಲಿ ಮಾಡಿ, ಇಲ್ಲವೇ ಬದಲಿಸುವ ದಿನವೇ ಇಟ್ಟುಕೊಳ್ಳಿ: ಹಳೆಯದನ್ನು ಬಿಚ್ಚಿ, ಎಣ್ಣೆ ಹಚ್ಚಿಕೊಂಡು, ಜಿಡ್ಡು ಪೂರ್ತಿ ಹೋಗುವಂತೆ ಸೀಗೆಪುಡಿ ಹಾಕಿ ಮಿಂದು, ಮೈ ಚೆನ್ನಾಗಿ ಒಣಗಿದ ಮೇಲೆ ಹೊಸದನ್ನು ಹಚ್ಚಿ. ಅಂಗೈಯಿಂದ ಹತ್ತು ಸೆಕೆಂಡು ಒತ್ತಿ ಹಿಡಿದು, ಅಂಚುಗಳ ಮೇಲೆ ಬೆರಳಾಡಿಸಿ ನೋಡಿ. ಅದನ್ನು ಬಿಚ್ಚುವಾಗ ಬಟ್ಟೆಯ ನೂಲು ಸೇರಿದ ಕಪ್ಪು ಗೆರೆಯೊಂದು ಚೌಕಾಕಾರದಲ್ಲಿ ಮೈಮೇಲೆ ಉಳಿಯುತ್ತದೆ. ತೆಂಗಿನೆಣ್ಣೆ ಹಚ್ಚಿ ಒರೆಸಿದರೆ ಹೋಗುತ್ತದೆ. ಮುಂದಿನದನ್ನು ಹೇಗೂ ಬೇರೆ ಜಾಗದಲ್ಲಿ ಹಚ್ಚಬೇಕು, ಒಂದೇ ಕಡೆ ಹಚ್ಚಿದರೆ ಚರ್ಮ ಕೆಂಪಾಗಿ ತುರಿಸುತ್ತದೆ.

ಸೀರೆಯ ಮಾತು. ತೋಳು, ಬೆನ್ನಿನ ಮೇಲ್ಭಾಗ, ಹೊಟ್ಟೆ, ಪೃಷ್ಠ, ಈ ನಾಲ್ಕು ಕಡೆ ಹಚ್ಚಬಹುದು. ಎದೆಯ ಮೇಲೆ ಸಲ್ಲದು. ಸೀರೆಯವರಿಗೆ ಪೃಷ್ಠವೇ ಸರಿ. ಹೊಟ್ಟೆಯ ಮೇಲೆ ಹಚ್ಚುವುದಾದರೆ ಲಂಗದ ಲಾಡಿ ಉಜ್ಜುವ ಜಾಗ ಬಿಟ್ಟು ಹಚ್ಚಿ, ಅಲ್ಲಿ ಅಂಚು ಮೊದಲು ಏಳುತ್ತದೆ. ತೋಳಿನ ಮೇಲೆ ಇದ್ದಾಗ ನಮ್ಮ ಅತ್ತೆ ‘ಏನಮ್ಮಾ, ಗಾಯವಾಯಿತೇ?’ ಎಂದು ಕೇಳಿದ್ದರು. ಇರುವುದನ್ನು ಇರುವ ಹಾಗೆಯೇ ಹೇಳಿದೆ, ಅವರೂ ಸರಿ ಎಂದರು. ಎಲ್ಲರ ಮನೆಯಲ್ಲೂ ಹಾಗೆ ಆಗುವುದಿಲ್ಲ, ಬಲ್ಲೆ.

ಮೊದಲ ಎರಡು ಮೂರು ತಿಂಗಳು ಸ್ತನಗಳಲ್ಲಿ ನೋವು, ನಡುನಡುವೆ ಸ್ವಲ್ಪ ರಕ್ತ, ಬೆಳಗಿನ ಓಕರಿಕೆ ಇದ್ದವು. ಆಮೇಲೆ ಕಡಿಮೆಯಾದವು. ಊರಿಗೆ ಹೋದಾಗ ವಾಂತಿಭೇದಿಯಾದರೂ ಮಾತ್ರೆಯವರ ಹಾಗೆ ಚಿಂತಿಸಬೇಕಿಲ್ಲ, ಔಷಧ ಚರ್ಮದ ಮೂಲಕ ರಕ್ತಕ್ಕೆ ಸೇರುತ್ತದೆ. ಬೇಕಾದಷ್ಟು ಪ್ಯಾಚ್ ಇಲ್ಲಿಂದಲೇ ಒಯ್ಯಿರಿ. ನಮ್ಮೂರಿನ ಔಷಧ ಅಂಗಡಿಗಳಲ್ಲಿ ವಿಚಾರಿಸಿದಾಗ ನನಗೆ ಸಿಗಲಿಲ್ಲ. ಅದರ ಲಕೋಟೆ ಒಡೆಯದೆ ಇಡಿ, ಫ್ರಿಜ್‌ನಲ್ಲಿ ಇಡಬೇಡಿ.

ನ್ಯೂಜೆರ್ಸಿಯಿಂದ:

ನಾನು ಬಳಸಿದ್ದು ಕ್ಸುಲೇನ್ ಎಂಬ ಪ್ಯಾಚ್. ಕಳಚಿ ಬಿದ್ದರೆ ಏನು ಮಾಡಬೇಕು ಎನ್ನುವುದು ದೇಶದಿಂದ ದೇಶಕ್ಕೆ ಬೇರೆ. ಇಲ್ಲಿನ ಕೈಪಿಡಿಯ ಗಡುವು 24 ಗಂಟೆ, ನಿಮ್ಮ ಎನ್‌ಎಚ್‌ಎಸ್ (ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ) ಹೇಳುವುದು 48 ಗಂಟೆ. ಗಡುವು ದಾಟಿದ್ದರೆ ಹೊಸ ಪ್ಯಾಚ್, ಹೊಸ ಸುತ್ತು, ಏಳು ದಿನ ಕಾಂಡೋಮ್. ಅಂಟು ಹೋದದ್ದನ್ನು ಟೇಪ್ ಸುತ್ತಿ ನಿಲ್ಲಿಸಬೇಡಿ. ಇನ್ನೊಂದು, ದೇಹದ ತೂಕ 90 ಕಿಲೋ ದಾಟಿದವರಲ್ಲಿ ಇದರ ಪರಿಣಾಮ ಕುಗ್ಗಬಹುದು. ಇಲ್ಲಿ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 30 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಕ್ಸುಲೇನ್ ಕೊಡುವುದಿಲ್ಲ.

ಬರ್ಮಿಂಗ್‌ಹ್ಯಾಮ್‌ನಿಂದ:

ಕೇಳಿದವರೇ, ನಿಮಗೆ ಅರೆತಲೆನೋವು ಇದೆಯೇ? ನನಗೆ ತಲೆನೋವು ಶುರುವಾಗುವ ಮೊದಲು ಕಣ್ಣಂಚಿನಲ್ಲಿ ಬೆಳಕು ಅಂಕುಡೊಂಕಾಗಿ ಮಿನುಗುತ್ತದೆ. ಅದನ್ನು ಹೇಳಿದ ಕೂಡಲೇ ನರ್ಸ್ ಪ್ಯಾಚ್ ಬೇಡವೇ ಬೇಡ ಎಂದರು. ಪ್ಯಾಚ್‌ನಲ್ಲಿ ಈಸ್ಟ್ರೋಜೆನ್ ಇದೆ, ಇಂಥ ತಲೆನೋವಿನವರಿಗೆ ಅದರಿಂದ ಪಾರ್ಶ್ವವಾಯುವಿನ ಅಪಾಯ ಹೆಚ್ಚುತ್ತದೆ. ಈಸ್ಟ್ರೋಜೆನ್ ಇಲ್ಲದ ಡೆಸೊಜೆಸ್ಟ್ರೆಲ್ ಮಾತ್ರೆ ಕೊಟ್ಟರು. ರಕ್ತದೊತ್ತಡ ಹೆಚ್ಚಿರುವವರು, 35 ದಾಟಿ ಸಿಗರೇಟು ಸೇದುವವರು, ಸ್ವಂತಕ್ಕೋ ಅಪ್ಪ ಅಮ್ಮ ಒಡಹುಟ್ಟಿದವರಿಗೋ ರಕ್ತ ಹೆಪ್ಪುಗಟ್ಟಿದ್ದವರು ಇದನ್ನೆಲ್ಲ ಬಾಯಿಬಿಟ್ಟು ಹೇಳಲೇಬೇಕು. ಕ್ಷಯದ ರಿಫಾಂಪಿಸಿನ್, ಮೂರ್ಛೆರೋಗದ ಕೆಲವು ಮಾತ್ರೆಗಳು ಪ್ಯಾಚ್‌ನ ಶಕ್ತಿಯನ್ನೇ ತಗ್ಗಿಸುತ್ತವೆ.

ಹಾಸನದಿಂದ:

ನಮ್ಮಲ್ಲಿ ಪ್ಯಾಚ್‌ನ ಮಾತೇ ಕೇಳಿಲ್ಲ, ಆದರೂ ಊರಿನಲ್ಲಿರುವ ತಂಗಿಯರು ಇದನ್ನು ಓದುತ್ತಿರಬಹುದು ಎಂದು ಬರೆಯುತ್ತಿದ್ದೇನೆ. ದಿನದಿನದ ಮಾತ್ರೆ ಆಗದವರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಮೂರು ತಿಂಗಳಿಗೊಮ್ಮೆ ಅಂತರಾ ಚುಚ್ಚುಮದ್ದು ಉಚಿತ. ಛಾಯಾ ಮಾತ್ರೆಯಲ್ಲಿ ಹಾರ್ಮೋನೇ ಇಲ್ಲ. ಮೊದಲ ಮೂರು ತಿಂಗಳು ವಾರಕ್ಕೆರಡು, ಆಮೇಲೆ ವಾರಕ್ಕೊಂದು. ಗರ್ಭಕೋಶದೊಳಗೆ ಇಡುವ ವಂಕಿ (ಕಾಪರ್-ಟಿ) ಹಾಕಿಸಿಕೊಂಡರೆ ವರ್ಷಗಟ್ಟಲೆ ಯೋಚನೆಯಿಲ್ಲ. ನಾನು ಅಂತರಾ ತೆಗೆದುಕೊಂಡವಳು. ಮುಟ್ಟು ಏರುಪೇರಾಯಿತು, ಆಮೇಲೆ ನಿಂತೇಹೋಯಿತು. ಅದು ಚುಚ್ಚುಮದ್ದಿನದೇ ಗುಣ ಎಂದು ಆಶಾ ಕಾರ್ಯಕರ್ತೆ ಮೊದಲೇ ಹೇಳಿದ್ದರಿಂದ ಗಾಬರಿಯಾಗಲಿಲ್ಲ. ಬೇಗ ಇನ್ನೊಂದು ಮಗು ಬೇಕೆನ್ನುವವರಿಗೆ ಮಾತ್ರ ಅದು ಒಗ್ಗದು, ನಿಲ್ಲಿಸಿದ ಮೇಲೂ ಗರ್ಭ ನಿಲ್ಲಲು ತಿಂಗಳುಗಟ್ಟಲೆ ಹಿಡಿಯಬಹುದು.

ಮತ್ತೆ ಲೀಡ್ಸ್‌ನಿಂದ:

ಬರ್ಮಿಂಗ್‌ಹ್ಯಾಮ್‌ನ ಅಕ್ಕ ಹೇಳಿದ್ದಕ್ಕೆ ಸೇರಿಸುತ್ತೇನೆ. ರಕ್ತ ಹೆಪ್ಪುಗಟ್ಟುವುದರ ಬಗ್ಗೆ ಯೂರೋಪಿನ ಔಷಧ ಸಂಸ್ಥೆ ಕೊಟ್ಟ ಲೆಕ್ಕ ಹೀಗಿದೆ: ಇಂಥ ಔಷಧ ಬಳಸದ, ಗರ್ಭಿಣಿಯೂ ಅಲ್ಲದ 10,000 ಮಹಿಳೆಯರಲ್ಲಿ ವರ್ಷಕ್ಕೆ ಸುಮಾರು 2 ಮಂದಿಗೆ, ಈ ಪ್ಯಾಚ್ ಬಳಸುವವರಲ್ಲಿ 6ರಿಂದ 12 ಮಂದಿಗೆ. ಅಪಾಯ ಸಣ್ಣದು, ಆದರೆ ಇದೆ. ಊರಿನ ವಿಮಾನದಲ್ಲಿ ಆಗಾಗ ಎದ್ದು ಓಡಾಡಿ. ಒಂದೇ ಕಾಲು ಊದಿ ಮೀನಖಂಡ ನೋಯತೊಡಗಿದರೆ, ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಪ್ಯಾಚ್ ಕಿತ್ತುಹಾಕಿ ನೇರ ಆಸ್ಪತ್ರೆಗೆ ಹೋಗಿ, ಪ್ಯಾಚ್ ಬಳಸುತ್ತಿದ್ದೆ ಎಂದು ಮೊದಲೇ ಹೇಳಿ. ಮನೆಯಲ್ಲಿ ಪುಟ್ಟ ಮಗು ಇದೆ ಎಂದಿರಿ. ಬಿಚ್ಚಿದ ಪ್ಯಾಚ್‌ನಲ್ಲಿ ಇನ್ನೂ ಹಾರ್ಮೋನು ಉಳಿದಿರುತ್ತದೆ, ಅಂಟಿನ ಬದಿ ಒಳಗಾಗುವಂತೆ ಮಡಚಿ ಮಗುವಿನ ಕೈಗೆಟುಕದ ಕಸದ ಬುಟ್ಟಿಗೆ ಹಾಕಿ.