ಸ್ಯಾಂಟಲ್ 33 ಹಚ್ಚಿಕೊಳ್ಳುವವರ ಸ್ವಭಾವವನ್ನು ಅದರ ಕಂಪಿನಿಂದ ಅರಿಯಬಹುದೇ?

ಪ್ರಶ್ನೆ

ಸಾಗರದ ಕಡೆಯ ಗಂಧದ ಕೆತ್ತನೆಯ ಮನೆಯಲ್ಲಿ ಬೆಳೆದವಳು ನಾನು. ಜಗುಲಿಯಲ್ಲಿ ಅಜ್ಜ ಉಳಿ ಹಿಡಿದು ಕೂತಾಗ ಉದುರುತ್ತಿದ್ದ ಒಣ ಹೊಟ್ಟಿನ ವಾಸನೆ ಒಂದು. ಬೆಳಗಿನ ಪೂಜೆಗೆ ಅಜ್ಜಿ ಸಾಣೆಕಲ್ಲಿನ ಮೇಲೆ ನೀರು ಹನಿಸಿ ತೇಯುತ್ತಿದ್ದ ಕೊರಡಿನ ವಾಸನೆ ಇನ್ನೊಂದು. ಮರ ಒಂದೇ ಆದರೂ ಕಂಪು ಬೇರೆ ಎಂಬುದು ನನಗೆ ಚಿಕ್ಕಂದಿನಿಂದಲೇ ಗೊತ್ತು.

ಕೆಲಸದ ನಿಮಿತ್ತ ಆರು ತಿಂಗಳು ನ್ಯೂಯಾರ್ಕಿನಲ್ಲಿದ್ದಾಗ, ಲೆ ಲಾಬೊ ಮಳಿಗೆಯಲ್ಲಿ ಸ್ಯಾಂಟಲ್ 33 ಎಂಬ ಪರ್ಫ್ಯೂಮನ್ನು ಹೆಸರು ನೋಡಿಯೇ ಕೊಂಡೆ. ಮೊದಲ ಸಲ ಮಣಿಕಟ್ಟಿಗೆ ಹಾಕಿಕೊಂಡಾಗ ಇದರಲ್ಲಿ ನಮ್ಮ ಗಂಧ ಎಲ್ಲಿದೆ ಎಂದು ಹುಡುಕಬೇಕಾಯಿತು. ಮೂಗಿಗೆ ಮೊದಲು ಸಿಕ್ಕಿದ್ದು ಏಲಕ್ಕಿ, ಒಣ ದೇವದಾರು, ಹೊಸ ಚರ್ಮದ ಚೀಲ, ಜೊತೆಗೆ ಸಬ್ಬಸಿಗೆ ಸೊಪ್ಪು ಹಾಕಿದ ಸೌತೆಕಾಯಿ ಉಪ್ಪಿನಕಾಯಿಯಂಥ ಒಂದು ಹಸಿರು ಹುಳಿ. ಆದರೂ ಬಿಡಲಾಗಲಿಲ್ಲ, ಈಗ ದಿನವೂ ಹಚ್ಚಿಕೊಳ್ಳುತ್ತೇನೆ.

ಇತ್ತೀಚೆಗೆ ಸಹೋದ್ಯೋಗಿಯೊಬ್ಬರು, "ಇದು ಯಾರನ್ನೂ ಲೆಕ್ಕಿಸದೆ ತನ್ನ ದಾರಿ ತಾನು ಹಿಡಿಯುವವರ ಪರಿಮಳ. ನೀವು ಮೆದು ಮಾತಿನವರು, ನಿಮಗೆ ಹೂವಿನದು ಒಪ್ಪುತ್ತದೆ" ಎಂದರು. ಅವರು ನೋಯಿಸಲು ಹೇಳಿದ್ದಲ್ಲ. ಆದರೆ ಆ ಮಾತು ಮನಸ್ಸಿನಲ್ಲಿ ಉಳಿದುಬಿಟ್ಟಿದೆ. ಮರದ ಕಂಪನ್ನು ಆರಿಸಿಕೊಳ್ಳುವವರಿಗೆ ನಿಜವಾಗಿಯೂ ಒಂದು ಬಗೆಯ ಸ್ವಭಾವ ಇರುತ್ತದೆಯೇ? ಇದು ಶ್ರೀಗಂಧದಂತೆ ಇಲ್ಲದಿರುವುದೇಕೆ, ಮತ್ತು ಹಾಗಿಲ್ಲದಿದ್ದರೂ ನನಗೆ ಇಷ್ಟವಾಗುವುದೇಕೆ?

ಮೊದಲ ಉತ್ತರ

ನಿಮ್ಮ ಸಹೋದ್ಯೋಗಿ ಓದಿದ್ದು ನಿಮ್ಮನ್ನಲ್ಲ, ಆ ಸೀಸೆಯ ಕಥೆಯನ್ನು ಎಂದು ನನಗನ್ನಿಸುತ್ತದೆ. ಲೆ ಲಾಬೊ 2006ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭವಾದ ಸಣ್ಣ ಕಂಪನಿ. ಸ್ಯಾಂಟಲ್ 33 ಹೊರಬಂದದ್ದು 2011ರಲ್ಲಿ, ಅದನ್ನು ಹೊಂದಿಸಿದವರು ಫ್ರಾಂಕ್ ವೋಲ್ಕ್ಲ್. ಹಳೆಯ ಮಾರ್ಲ್‌ಬೊರೊ ಸಿಗರೇಟಿನ ಜಾಹೀರಾತುಗಳನ್ನು, ಅಂದರೆ ಬಯಲಿನಲ್ಲಿ ಬೆಂಕಿ ಹಾಕಿಕೊಂಡು ಕುದುರೆಯೊಂದಿಗೆ ಒಬ್ಬನೇ ಕೂತ ಗಂಡಸಿನ ಚಿತ್ರವನ್ನು, ನೆನಪಿಸಿಯೇ ಕಂಪನಿ ಈ ಪರಿಮಳವನ್ನು ಪರಿಚಯಿಸಿತು. ಧೀರ, ಏಕಾಕಿ, ಸ್ವತಂತ್ರ ಎಂಬ ವಿಶೇಷಣಗಳೆಲ್ಲ ಆ ಚಿತ್ರದಿಂದ ಬಂದವು. ಆದರೆ ಮುಂದಿನ ಕೆಲವೇ ವರ್ಷಗಳಲ್ಲಿ ಅದು ಹೋಟೆಲಿನ ಹಜಾರಗಳಲ್ಲೂ ಕಚೇರಿಗಳ ಲಿಫ್ಟುಗಳಲ್ಲೂ ಎದುರಾಗುವಷ್ಟು ಹರಡಿತು. 2014ರಲ್ಲಿ ಕಂಪನಿಯನ್ನು ಎಸ್ಟೀ ಲಾಡರ್ ಕೊಂಡಿತು. ಇಷ್ಟೊಂದು ಹೆಂಗಸರೂ ಗಂಡಸರೂ ಹಚ್ಚಿಕೊಳ್ಳುವ ವಸ್ತುವಿನಿಂದ ಯಾರೊಬ್ಬರ ಏಕಾಂಗಿತನವನ್ನು ಅಳೆಯುವುದು ಹೇಗೆ? ಉಪ್ಪಿನಕಾಯಿಯ ಮಾತನ್ನೂ ಬಹಳ ಜನ ಹೇಳಿದ್ದಾರೆ, ನಿಮ್ಮ ಮೂಗು ತಪ್ಪಿಲ್ಲ.

ಎರಡನೆಯ ಉತ್ತರ

ಗಂಧದೆಣ್ಣೆಯ ವ್ಯವಹಾರದಲ್ಲಿ ಬಹುಕಾಲ ಕಳೆದವನಾದ್ದರಿಂದ ಮರದ ಬಗ್ಗೆ ಮಾತ್ರ ಹೇಳುತ್ತೇನೆ. ನಮ್ಮ ಶ್ರೀಗಂಧ ಸ್ಯಾಂಟಲಮ್ ಆಲ್ಬಮ್. ಚೇಗಿನಿಂದ ಬಟ್ಟಿ ಇಳಿಸಿದ ಎಣ್ಣೆಗೆ ಅಂತರರಾಷ್ಟ್ರೀಯ ಮಾನದಂಡ ಕೇಳುವುದು ಶೇ. 41ರಿಂದ 55ರಷ್ಟು ಆಲ್ಫಾ ಸ್ಯಾಂಟಲಾಲ್, ಶೇ. 16ರಿಂದ 24ರಷ್ಟು ಬೀಟಾ ಸ್ಯಾಂಟಲಾಲ್. ಹಾಲಿನ ಕೆನೆಯಂಥ ಆ ನುಣುಪು ಬರುವುದು ಇವುಗಳಿಂದ. ಸ್ಯಾಂಟಲ್ 33ರಲ್ಲಿ ಇದೆಯೆಂದು ಹೇಳುವ ಆಸ್ಟ್ರೇಲಿಯದ ಗಂಧ ಇನ್ನೊಂದು ಜಾತಿಯದು, ಸ್ಯಾಂಟಲಮ್ ಸ್ಪೈಕೇಟಮ್. ಅದರಲ್ಲಿ ಸ್ಯಾಂಟಲಾಲ್ ಕಡಿಮೆ, ಕಂಪು ಒಣದು, ಸ್ವಲ್ಪ ಒಗರು. ಅದರ ಮೇಲೆ ದೇವದಾರು, ಚರ್ಮ, ಆಂಬ್ರಾಕ್ಸ್ ಎಂಬ ಕೃತಕ ಕಂಪಿನ ವಸ್ತು ಸೇರಿದರೆ ಸಾಣೆಕಲ್ಲಿನ ಗಂಧ ಕಾಣದಿರುವುದು ಸಹಜ.

ಒಂದು ಕಾಲಕ್ಕೆ ಯುರೋಪಿನ ಪರಿಮಳಗಾರರಿಗೆ ಗಂಧವೆಂದರೆ ಮೈಸೂರಿನದೇ ಆಗಿತ್ತು. 1989ರಲ್ಲಿ ಫ್ರಾನ್ಸಿನ ಗೆರ್ಲಾನ್ ಕಂಪನಿ ತಂದ ಸಂಸಾರ ಎಂಬ ಪರ್ಫ್ಯೂಮ್‌ನಲ್ಲಿ ಅದು ಮಲ್ಲಿಗೆಯ ಜೊತೆ ಧಾರಾಳವಾಗಿತ್ತು. ಆ ಬಳಿಕ ನಮ್ಮ ಕಾಡುಗಳಲ್ಲಿ ಮರವೇ ಕ್ಷೀಣಿಸಿತು. 1998ರಿಂದ ಅದು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವಾದ ಐಯುಸಿಎನ್‌ನ ಅಪಾಯಕ್ಕೊಳಗಾದ ಜಾತಿಗಳ ಪಟ್ಟಿಯಲ್ಲಿದೆ. ಹೊರಗಿನ ಸೀಸೆಗಳಲ್ಲಿ ನಮ್ಮ ಮರದ ಜಾಗಕ್ಕೆ ಬೇರೆ ಮರವೂ ಜವಾನಾಲ್, ಎಬಾನಾಲ್‌ಗಳಂಥ ಕೃತಕ ವಸ್ತುಗಳೂ ಬಂದದ್ದಕ್ಕೆ ಇದೂ ಒಂದು ಕಾರಣ. ಈ ಮಾತು ಬರೆಯುವಾಗ ನನಗೆ ಇಂದಿಗೂ ಸಂಕಟವಾಗುತ್ತದೆ.

ಮೂರನೆಯ ಉತ್ತರ

ಮೊದಲು ಉತ್ತರಿಸಿದವರ ಮಾತನ್ನು ಅರ್ಧ ಮಾತ್ರ ಒಪ್ಪುತ್ತೇನೆ. ಕಥೆ ಕಂಪನಿಯದೇ ಇರಬಹುದು, ಆಯ್ಕೆ ಮಾತ್ರ ಹಚ್ಚಿಕೊಂಡವರದು. ಆ ಆಯ್ಕೆಗೂ ಅವರಿಗೂ ಏನೂ ಸಂಬಂಧವಿಲ್ಲ ಎನ್ನಲಾಗದು. 2001ರಲ್ಲಿ ಮಿಲಿನ್‌ಸ್ಕಿ ಮತ್ತು ವೆಡೆಕಿಂಡ್ ಎಂಬ ವಿಜ್ಞಾನಿಗಳು ಪ್ರಕಟಿಸಿದ ಅಧ್ಯಯನದಲ್ಲಿ, ಜನ ತಮ್ಮ ಮೈಗೆ ಬಯಸುವ ಪರಿಮಳಕ್ಕೂ ಅವರ ರೋಗನಿರೋಧಕ ವಂಶವಾಹಿಗಳಿಗೂ ನಂಟು ಕಂಡುಬಂತು. ಸಂಗಾತಿಯ ಮೈಗೆ ಬಯಸುವ ಪರಿಮಳದಲ್ಲಿ ಅಂಥ ನಂಟು ಹೆಚ್ಚುಕಡಿಮೆ ಕಾಣಲಿಲ್ಲ. 2012ರಲ್ಲಿ ಪ್ರಾಗ್‌ನ ಸಂಶೋಧಕರು ನಡೆಸಿದ ಪ್ರಯೋಗದಲ್ಲಿ, ಬೇರೆಯವರು ಕೊಟ್ಟ ಪರ್ಫ್ಯೂಮಿಗಿಂತ ತಾವೇ ಆರಿಸಿಕೊಂಡದ್ದು ಮೈವಾಸನೆಯೊಂದಿಗೆ ಬೆರೆತಾಗ ಮೂಸಿದವರಿಗೆ ಹೆಚ್ಚು ಹಿತವೆನಿಸಿತು. ಮೈಗೆ ಸೋಕದೆ ಮೂಸಿದಾಗ ಆ ಎರಡರ ನಡುವೆ ಅಂಥ ವ್ಯತ್ಯಾಸ ಇರಲಿಲ್ಲ. ಹಾಗಾಗಿ ನಿಮಗೆ ಯಾವುದು ಒಪ್ಪುತ್ತದೆ ಎಂಬುದನ್ನು ನಿಮ್ಮ ಚರ್ಮ ನಿಮ್ಮ ಸಹೋದ್ಯೋಗಿಗಿಂತ ಚೆನ್ನಾಗಿ ಬಲ್ಲದು.

ಆದರೆ ಇವು ಮೈಯ ಮಾತಾದವು, ಧೈರ್ಯ ಅಥವಾ ಮೆದುತನದ ಮಾತಲ್ಲ. ನನ್ನ ಅನುಭವದಲ್ಲಿ ಮರದ ಕಂಪು ಹೇಳುವುದು ಒಂದೇ ವಿಷಯ, ಹಚ್ಚಿಕೊಂಡವರು ಸುತ್ತಲಿನವರಿಂದ ಎಷ್ಟು ಜಾಗ ಕೇಳುತ್ತಾರೆ ಎಂಬುದು. ನಿಂಬೆಯ ಜಾತಿಯ ಕಂಪುಗಳು ಬೇಗ ಆರುತ್ತವೆ, ಅದಕ್ಕಾಗಿಯೇ ಕೋಣೆಯ ತುಂಬ ಥಟ್ಟನೆ ಹರಡುತ್ತವೆ. ಸ್ಯಾಂಟಲಾಲ್‌ನ ಅಣು ಭಾರವಾದದ್ದು, ನಿಧಾನವಾಗಿ ಆರುತ್ತದೆ, ಚರ್ಮಕ್ಕೆ ಅಂಟಿಕೊಂಡು ಗಂಟೆಗಟ್ಟಲೆ ಕೂರುತ್ತದೆ. ಅಪ್ಪಟ ಗಂಧದೆಣ್ಣೆಯನ್ನೋ, ಡಿಪ್ಟೀಕ್ ಕಂಪನಿಯ ತಾಮ್ ದಾವ್‌ನಂಥ ಮೃದುವಾದದ್ದನ್ನೋ ಹಚ್ಚಿಕೊಂಡವರ ಕಂಪು ಹತ್ತಿರ ಬಂದವರಿಗಷ್ಟೇ ಸಿಗುತ್ತದೆ. ಸ್ಯಾಂಟಲ್ 33 ಮಾತ್ರ ಅಂಥದ್ದಲ್ಲ, ಅದು ದೂರಕ್ಕೂ ಮುಟ್ಟುತ್ತದೆ. ನೀವು ಮೆದುವಾಗಿ ಮಾತನಾಡುವವರು ಎನ್ನುತ್ತೀರಿ. ಒಮ್ಮೆ ಒಂದೇ ಸಲ ಸಿಂಪಡಿಸಿಕೊಂಡು, ಮಧ್ಯಾಹ್ನದ ಹೊತ್ತಿಗೆ ಉಳಿದ ಕಂಪನ್ನು ನಿಮ್ಮ ಮನೆಯವರಿಗೆ ಕೊಟ್ಟು ಕೇಳಿ. ಮೊದಲ ಕಾಲು ಗಂಟೆಯ ಕಂಪು ಸೀಸೆಯದು. ಆಮೇಲೆ ಉಳಿಯುವುದು ನಿಮ್ಮದು.

ಪ್ರಶ್ನೆ ಕೇಳಿದವರ ಮರುನುಡಿ

ಮೂವರಿಗೂ ನಮಸ್ಕಾರ. ಕಳೆದ ವಾರ ಊರಿಗೆ ಹೋದಾಗ ಹೇಳಿದಂತೆಯೇ ಮಾಡಿದೆ. ಬೆಳಿಗ್ಗೆ ಒಂದೇ ಸಲ ಹಾಕಿಕೊಂಡು, ಊಟವಾದ ಮೇಲೆ ಅಜ್ಜಿಯ ಮೂಗಿನ ಬಳಿ ಕೈ ಹಿಡಿದೆ. ಪರ್ಫ್ಯೂಮಿನ ವಿಷಯ ಏನೂ ಹೇಳಿರಲಿಲ್ಲ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದು ತೇಯ್ದ ಗಂಧದ್ದಲ್ಲ ಕಣೇ, ಕೆತ್ತುವಾಗ ಬೀಳುವ ಹೊಟ್ಟಿನದು. ನಿನ್ನಜ್ಜ ಕೆಲಸ ಮುಗಿಸಿ ಒಳಗೆ ಬಂದರೆ ಹೀಗೇ ಇರುತ್ತಿತ್ತು" ಎಂದರು. ಎರಡನೆಯ ಉತ್ತರದಲ್ಲಿ ಹೇಳಿದ ಒಣತನ ಇದೇ ಇರಬೇಕು. ಇಷ್ಟು ದಿನ ನಾನು ಆ ಸೀಸೆಯಲ್ಲಿ ಸಾಣೆಕಲ್ಲನ್ನು ಹುಡುಕುತ್ತಿದ್ದೆ, ಜಗುಲಿಯನ್ನಲ್ಲ. ಅಜ್ಜನೂ ಬಹಳ ಮೆದು ಮಾತಿನವರಾಗಿದ್ದರು.